ಬದುಕಿದ್ದವನಿಗೆ ಇಟ್ಟ ಎಲೆ

ದಾರ್ಸೈಟ್, ಮಸ್ಕತ್
ನವೆಂಬರ್ 14, 2025, ಶುಕ್ರವಾರ

ಪ್ರೀತಿಯ ಅಳಿಯ ಹರ್ಷಿತನಿಗೆ,

ಮೊದಲೇ ಹೇಳಿಬಿಡುತ್ತೇನೆ, ಇದು ನಾನಾಗಿ ಬರೆಯುತ್ತಿರುವ ಕಾಗದ ಅಲ್ಲ. ನಿನ್ನ ಮಾಮಿ ಬರೆಸುತ್ತಿರುವುದು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು, ಊಟದ ಮೇಜಿನ ಮುಂದೆ ಕೂರಿಸಿ, ಬರೆದು ಮುಗಿಯುವ ತನಕ ಚಹಾ ಇಲ್ಲ ಎಂದು ಅಡುಗೆಮನೆಗೆ ಹೋಗಿದ್ದಾಳೆ. ವಾರಕ್ಕೆ ಒಂದು ದಿನ ಅಂಗಡಿಗೆ ರಜೆ, ಆ ದಿನವೂ ನನಗೆ ಶಿಕ್ಷೆ. ಕಳೆದ ವಾರ ನೀನು ಫೋನ್ ಮಾಡಿದಾಗ ನಾನು ಹೇಳಿದ್ದು ಕೆಳಗಿನ ಮಹಡಿಯ ರೋಸಲಿಂಡ್ ಬಾಯಿಯ ಮನೆಗೂ ಕೇಳಿಸಿತಂತೆ. ಅವರು ಯಾರೋ ಬಿದ್ದರು ಎಂದು ಮೆಟ್ಟಿಲು ಹತ್ತಿ ಓಡಿ ಬಂದರು. “ಫೋನು ಕೈಗೆ ಸಿಕ್ಕಿದರೆ ನೀವು ಬೊಬ್ಬೆ ಹೊಡೆಯುವುದೇ. ಕಾಗದದಲ್ಲಿ ಬೊಬ್ಬೆ ಹೊಡೆಯಲಿಕ್ಕೆ ಆಗುವುದಿಲ್ಲ, ಬರೆಯಿರಿ” ಎಂದಳು ಲೋಲಾಕ್ಷಿ. ಆಗುತ್ತದೋ ಇಲ್ಲವೋ ನೀನೇ ಓದಿ ನೋಡು.

ನಿನ್ನ ಆರೋಗ್ಯ ಹೇಗಿದೆ? ಕೆಮ್ಮು ನಿಂತಿತಾ? ನೀನು ಮಾತಾಡುವಾಗ ಎರಡು ಸಲ ಫೋನನ್ನು ದೂರ ಹಿಡಿದು ಕೆಮ್ಮಿದ್ದು ನನಗೆ ಗೊತ್ತಾಗಿದೆ. ಎಡಗಾಲಿನ ಮೊಣಕಾಲು ಹೇಗಿದೆ? ರುಸ್ತಾಕಿನಲ್ಲಿ ನನ್ನ ಪಂಪಿನ ಅಂಗಡಿಯಲ್ಲಿದ್ದಾಗ ನೀರಿನ ಟ್ಯಾಂಕಿನ ಏಣಿಯಿಂದ ಬಿದ್ದ ಕಾಲು ಅದು, ಮಿಲಿಟ್ರಿ ಗಸ್ತಿನ ಸೈಕಲ್ ತುಳಿಯಲಿಕ್ಕೆ ಆಗುವ ಕಾಲಲ್ಲ. ಇದನ್ನು ನಿನ್ನ ಆಫೀಸರಿಗೆ ಹೇಳಿದ್ದೀಯಾ, ಇಲ್ಲ ಗಂಡಸುತನ ತೋರಿಸಿಕೊಂಡು ತುಳಿಯುತ್ತಾ ಇದ್ದೀಯಾ? ಬೂಟು ಬಿಗಿ ಇದ್ದರೆ ದೊಡ್ಡದು ಕೇಳಿ ತೆಗೆದುಕೋ. ರಾಣಿಯ ಕಾಲದಿಂದ ಬೂಟು ಹೊಲಿಯುವ ದೇಶ, ನಿನಗೊಂದು ಜೊತೆ ಸರಿಯಾದ ಬೂಟು ಕೊಡಲಿಕ್ಕೆ ಆಗುವುದಿಲ್ಲವಾ?

ನನ್ನ ಸಂಗತಿ ಹೇಳುವುದಾದರೆ, ಬದುಕಿದ್ದೇನೆ, ಎರಡೂ ಕಾಲಿನ ಮೇಲೆ ನಿಂತಿದ್ದೇನೆ. ಎರಡೂ ಕಾಲು ಎಂದು ಯಾಕೆ ಬರೆದೆ ಎಂದರೆ, ಜುಲೈ ತಿಂಗಳಲ್ಲಿ ಅದು ಒಂದೇ ಆಗುವ ಹಾಗಿತ್ತು. ನಿನಗೆ ಆಗ ಹೇಳಬಾರದು ಎಂದು ನಾನೇ ಎಲ್ಲರ ಬಾಯಿ ಮುಚ್ಚಿಸಿದ್ದೆ. ಅಂಗಡಿಯಲ್ಲಿ ಒಂದು ಕಬ್ಬಿಣದ ಚೂರು ಚಪ್ಪಲಿ ದಾಟಿ ಒಳಗೆ ಹೋದದ್ದು ಸಕ್ಕರೆ ಕಾಯಿಲೆಯ ಕಾಲಿಗೆ ಗೊತ್ತೇ ಆಗಲಿಲ್ಲ. ನಿನ್ನ ಹೆಂಡತಿ ಇಲ್ಲಿಗೆ ಬಂದ ವಾರದಲ್ಲೇ ಅದನ್ನು ಕಂಡುಹಿಡಿದಳು. ನಾನು ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದಾಗ ನೆಲದ ಮೇಲೆ ಕಲೆ ನೋಡಿ, “ಮಾವ, ಕೂತುಕೊಳ್ಳಿ” ಎಂದಳು. ಏನಿಲ್ಲ ಎಂದು ನಾನು ಬೈದೆ. ಅವಳು ಬೈಗುಳಕ್ಕೆ ಜಗ್ಗುವವಳಲ್ಲ, ಲಂಡನ್ನಿನ ಆಸ್ಪತ್ರೆಯಲ್ಲಿ ನನ್ನಂಥ ಮುದುಕರನ್ನು ದಿನಾ ನೋಡುವವಳು. ಕಾಲು ಹಿಡಿದು ಎಳೆದು ನೋಡಿ, ಅದೇ ಗಳಿಗೆಯಲ್ಲಿ ಟ್ಯಾಕ್ಸಿ ಕರೆಸಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಇನ್ನು ಸ್ವಲ್ಪ ತಡವಾಗಿದ್ದರೆ ಬೆರಳಲ್ಲ, ಪಾದವೇ ಹೋಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಆಮೇಲೆ ದಿನಾ ಬೆಳಿಗ್ಗೆ ಬ್ಯಾಂಡೇಜು ಬಿಚ್ಚಿ, ತೊಳೆದು, ಕಟ್ಟಿದ್ದು ಭವ್ಯಶ್ರೀಯೇ. ಸ್ವಂತ ಮಗಳು ಇದ್ದಿದ್ದರೂ ಮೂಗು ಮುಚ್ಚಿಕೊಳ್ಳುತ್ತಿದ್ದಳು. ನಮಗೆ ಮಕ್ಕಳಿಲ್ಲ, ಅಕ್ಕನ ಮಗ ನೀನೊಬ್ಬನೇ, ಅದು ನಿನಗೆ ಗೊತ್ತಿದ್ದದ್ದೇ. ನಿನ್ನಿಂದಾಗಿ ನನ್ನ ಕಾಲು ಉಳಿಯಿತು. ನೀನು ಮಿಲಿಟ್ರಿಗೆ ಹೋಗದಿದ್ದರೆ ಅವಳು ಇಲ್ಲಿಗೆ ಬರುತ್ತಿರಲಿಲ್ಲ, ಬಾರದಿದ್ದರೆ ನನ್ನ ಕಾಲು ಹೋಗುತ್ತಿತ್ತು. ಇದನ್ನು ಒಂದೇ ಸಲ ಬರೆಯುತ್ತೇನೆ, ಪದೇ ಪದೇ ಕೇಳಬೇಡ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ನೀನು ಮೇ ತಿಂಗಳಲ್ಲಿ “ಮಾವ, ನನ್ನನ್ನು ಕರೆದಿದ್ದಾರೆ, ಸೈಪ್ರಸ್ಸಿಗೆ ಆರು ತಿಂಗಳು” ಎಂದಾಗ ನಾನು ಕೂಗಿದ್ದು ಹೌದು. ಯಾರು ಬೇಕಾದರೂ ಕೂಗುತ್ತಿದ್ದರು. ನೀನು ವಾರವಿಡೀ ಲಂಡನ್ನಿನ ನೀರಿನ ಕಂಪೆನಿಯಲ್ಲಿ ಪಂಪು ನೋಡಿಕೊಳ್ಳುವವನು. ತಿಂಗಳಲ್ಲಿ ಕೆಲವು ಶನಿವಾರ ಭಾನುವಾರ ರಿಸರ್ವ್ ಪಡೆ ಎಂದು ಹೇಳಿ ಲಾರಿ ಓಡಿಸುವುದು, ಓಡುವುದು, ಗುರಿ ಇಡುವುದು ಮಾಡುತ್ತೀ ಎಂದು ಗೊತ್ತಿತ್ತು. ಅದು ಹೊಟ್ಟೆ ಕರಗಿಸಲಿಕ್ಕೆ ಎಂದುಕೊಂಡಿದ್ದೆ. ಅದು ನಿಜವಾದ ಮಿಲಿಟ್ರಿ, ಕರೆದರೆ ಪಂಪು ಬಿಟ್ಟು ಹೋಗಬೇಕು, ಎರಡು ಜನ ಕಚ್ಚಾಡುವ ಊರಿನ ನಡುವೆ ಯು.ಎನ್. ಹೆಸರಿನಲ್ಲಿ ನೀಲಿ ಟೊಪ್ಪಿ ಹಾಕಿ ನಿಲ್ಲಬೇಕು ಎಂದು ನನಗೆ ಯಾರು ಹೇಳಿದ್ದರು? ಅಷ್ಟು ದೊಡ್ಡ ದೇಶಕ್ಕೆ ಹೊತ್ತು ಹೊತ್ತಿಗೆ ಸಂಬಳ ತಿಂದು ಕೂತ ಸೈನಿಕರು ಇಲ್ಲವಾ, ನಮ್ಮ ಪಡುಬಿದ್ರಿಯ ಹುಡುಗನೇ ಬೇಕಾಯಿತಾ ಎಂದು ಕೇಳಿದೆ. ನೀನು ಲೆಕ್ಕ ಹೇಳಿದೆ. ನಿನ್ನ ಜಾಗಕ್ಕೆ ಕಂಪೆನಿ ಬೇರೆ ಜನ ಇಟ್ಟುಕೊಳ್ಳುತ್ತದೆ, ಅದರ ಹೆಚ್ಚಿನ ಖರ್ಚು ಸರಕಾರದ್ದು, ಸಂಬಳಕ್ಕೆ ಕೊರತೆ ಇಲ್ಲ, ತಿರುಗಿ ಹೋದಾಗ ಕೆಲಸ ಹಾಗೆಯೇ ಇರುತ್ತದೆ, ವರ್ಷವಿಡೀ ಸೈನಿಕನನ್ನು ಸಾಕುವುದಕ್ಕಿಂತ ಇದು ಅಗ್ಗ ಎಂದೆ. ಸರಿ, ಸರಕಾರಕ್ಕೆ ಅಗ್ಗ. ಸರಕಾರ ಬರೆಯದ ಖರ್ಚನ್ನು ನಾನು ಇಲ್ಲಿ ಕೂತು ನೋಡಿದ್ದೇನೆ. ಭವ್ಯಶ್ರೀ ಸಂಬಳ ಇಲ್ಲದ ರಜೆ ಹಾಕಿ ಬಂದಳು, ಅವಳ ವಾರ್ಡಿನಲ್ಲಿ ಇದ್ದವರು ಅವಳ ಡ್ಯೂಟಿಯನ್ನೂ ಹೊತ್ತರು. ವೀಸಾ ಮುಗಿಯುವಾಗ ಹೊಸದು ಹಾಕಿಸಲಿಕ್ಕೆ ಮಗುವನ್ನು ಕಟ್ಟಿಕೊಂಡು ದುಬೈಗೆ ಬಸ್ಸಿನಲ್ಲಿ ಹೋಗಿ ಬಂದಳು. ನನ್ನ ವೀಸಾಕ್ಕೆ ಜಾಮೀನು ನಿಂತ ಕಫೀಲ್ ಒಳ್ಳೆಯವನು, ಓಡಾಡಿ ಕಾಗದಪತ್ರ ಮಾಡಿಸಿಕೊಟ್ಟ, ಇಲ್ಲದಿದ್ದರೆ ಅದೂ ಆಗುತ್ತಿರಲಿಲ್ಲ. ಯಶ್ಮಿತಾಳನ್ನು ಶಾಲೆಗೆ ಹಾಕುವ ಹೊತ್ತಿನಲ್ಲೇ ಹೊರಟು ಬಂದದ್ದು, ಈಗ ರೋಸಲಿಂಡ್ ಬಾಯಿಯ ಹತ್ತಿರ ಕೂತು ಎ ಬಿ ಸಿ ಬರೆಯುತ್ತಾಳೆ. ಸಹಿ ಹಾಕಿದ್ದು ನೀನೊಬ್ಬ, ಡ್ಯೂಟಿ ಮಾಡುತ್ತಿರುವುದು ಇಷ್ಟು ಜನ.

ಇದನ್ನು ದೂರು ಎಂದು ತಿಳಿಯಬೇಡ. ನಮ್ಮ ಮನೆಗಂತೂ ಅದು ಲಾಭವೇ. ಈ ಫ್ಲ್ಯಾಟಿನಲ್ಲಿ ಇಷ್ಟು ವರ್ಷ ನಾವಿಬ್ಬರೇ ಟಿವಿ ಹಾಕಿಕೊಂಡು ಜಗಳ ಆಡುತ್ತಿದ್ದೆವು. ಈಗ ಜಗಳಕ್ಕೂ ಹೊತ್ತಿಲ್ಲ. ನಿನ್ನ ಮಗಳು ಬಂದಾಗ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ನಾನು ಮಾತಾಡಿಸಿದರೆ “ವಾಟ್ ಈಸ್ ಹಿ ಸೇಯಿಂಗ್” ಎಂದು ತಾಯಿಯನ್ನು ಕೇಳುತ್ತಿದ್ದಳು. ಈಗ ಪಿಕಪ್ಪಿನಲ್ಲಿ ನನ್ನ ಪಕ್ಕ ಕೂತು ತುಳುವಿನಲ್ಲಿ ಎದುರಿನ ಕಾರಿನವರಿಗೆ ಬೈಯುತ್ತಾಳೆ. ಯಾರಿಂದ ಕಲಿತಳು ಎಂದು ನಿನ್ನ ಮಾಮಿ ಕೇಳುತ್ತಾಳೆ, ಕೇಳಬೇಕಾ ಅದನ್ನು? ಅಂಗಡಿ ಇರುವ ರೂವಿ ಪೇಟೆಯಲ್ಲಿ ಅವಳನ್ನು ಎಲ್ಲ ಅಂಗಡಿಯವರಿಗೂ ಗೊತ್ತು. ಲಡ್ಡು ಕೊಡುವವರು, ಬಳೆ ಕೊಡುವವರು. ನನ್ನನ್ನು ಈಗ ಕೊಗ್ಗಣ್ಣ ಎಂದು ಯಾರೂ ಕರೆಯುವುದಿಲ್ಲ, ಯಶುವಿನ ಅಜ್ಜ ಎನ್ನುತ್ತಾರೆ. ಅಂಗಡಿ ಬೋರ್ಡು ಬದಲಿಸುವುದೊಂದು ಬಾಕಿ.

ನೀನು ಅಲ್ಲಿ ಏನು ಮಾಡುತ್ತೀ ಎಂದು ಮೊದಮೊದಲು ನಾನು ಯಾರಿಗೂ ಹೇಳಲಿಲ್ಲ. ಸೈಕಲ್ ಮೇಲೆ ಗಸ್ತು ಎಂದು ಹೇಗೆ ಹೇಳುವುದು? ಆದರೆ ನಿನ್ನ ಮಾಮಿಯ ಬಾಯಿ ನಿಲ್ಲುತ್ತದಾ, ಪಕ್ಕದ ಅಂಗಡಿಯ ಫ್ರೆಡ್ಡಿಗೆ ಫೋಟೋ ತೋರಿಸಿಬಿಟ್ಟಳು. ಅವನು ಒಂದು ವಾರ ನನ್ನನ್ನು ಬಿಡಲಿಲ್ಲ. “ಕೊಗ್ಗಣ್ಣ, ನಿಮ್ಮ ಅಳಿಯನಿಗೆ ಗನ್ನು ಕೊಟ್ಟಿದ್ದಾರಾ, ಇಲ್ಲ ಬರೇ ಸೈಕಲ್ ಬೆಲ್ಲಾ?” ಅಂತ. ಹಾಗಿರುವಾಗ ನೀನು ಆ ಪಂಪಿನ ವಿಷಯ ಹೇಳಿದೆ. ಎರಡು ಕಡೆಯವರ ನಡುವಿನ ಖಾಲಿ ಪಟ್ಟಿಯಲ್ಲಿ ಒಂದು ದಾಳಿಂಬೆ ತೋಟ, ತೋಟಕ್ಕೊಂದು ಹಳೆಯ ಪಂಪ್‌ಹೌಸು. ದಿನಾ ಸೈಕಲಿನಲ್ಲಿ ಅದರ ಎದುರು ಹೋಗುವಾಗ ಸದ್ದು ಕೇಳಿಯೇ ಬೇರಿಂಗ್ ಹೋಗುತ್ತಾ ಇದೆ ಎಂದು ನಿನಗೆ ಗೊತ್ತಾಯಿತು. ಪೂರ್ತಿ ಹೊತ್ತಿನ ಸೈನಿಕನಿಗೆ ಅದು ಬರೇ ಸದ್ದು. ಪಂಪು ಕೆಟ್ಟು ನಿಂತಿತು, ತೋಟದವ ಹೊಂಡ ತೋಡಲಿಕ್ಕೆ ಹೋದ, ಇವರು ಅಲ್ಲಿ ಏನೋ ಹೂಳುತ್ತಿದ್ದಾರೆ ಎಂದು ಆಚೆ ಕಡೆಯವರು ಕಾವಲು ಗೋಪುರದಲ್ಲಿ ಜನ ಹೆಚ್ಚಿಸಿದರು. ನೀನು ನಿನ್ನ ಆಫೀಸರಿಗೆ ಕಾಗದದ ಮೇಲೆ ಚಿತ್ರ ಬರೆದು, ಎಲ್ಲಿ ತೋಡಬೇಕು, ಎಷ್ಟು ಆಳ, ಯಾವ ಪೈಪು ಮೇಲೆ ಬರುತ್ತದೆ ಎಂದು ವಿವರಿಸಿ, ಅದನ್ನು ಎರಡೂ ಕಡೆಗೆ ತೋರಿಸಿ, ಕೆಲಸದವರು ತೋಡುವಾಗ ಇಬ್ಬರಿಗೂ ಕಾಣುವ ಹಾಗೆ ಹೊಂಡದ ಬಾಯಿಯಲ್ಲೇ ನಿಂತೆಯಂತೆ. ನೀರು ಬಂತು, ಗೋಪುರದಿಂದ ಜನ ಇಳಿದರು. ಇದನ್ನು ನಾನು ಫ್ರೆಡ್ಡಿಗೆ ಹೇಳಿದೆ. “ಅವನಿಗೆ ಗನ್ನೂ ಬೇಡ ಬೆಲ್ಲೂ ಬೇಡ ಮಾರಾಯ, ಸ್ಪ್ಯಾನರ್ ಸಾಕು” ಎಂದೆ. ಅವತ್ತಿನಿಂದ ಅವನ ಬಾಯಿ ಬಂದ್. ನಾನು ಅಂಗಡಿಗೆ ಬಂದವರಿಗೆಲ್ಲ ಹೇಳಿದೆ. ರುಸ್ತಾಕಿನಲ್ಲಿ ನನ್ನ ಕೈಕೆಳಗೆ ಸದ್ದು ಕೇಳಲಿಕ್ಕೆ ಕಲಿತವನು, ಒಂದು ಸಲ ಕಿವಿ ಹಿಂಡಿ ಕಲಿಸಿದ್ದೆ ಎಂದೂ ಹೇಳಿದೆ. ಅದು ಸುಳ್ಳಲ್ಲವಲ್ಲ.

ಅದರ ನಂತರ ತೋಟದವ ಒಂದು ಚೀಲ ದಾಳಿಂಬೆ ಕೊಟ್ಟ, ನೀವೆಲ್ಲ ತಿಂದಿರಿ ಎಂದೆಯಲ್ಲ, ಅದರ ಮಾತು ಮುಂದೆ ಬರುತ್ತದೆ.

ದೀಪಾವಳಿಯ ಮರುದಿನ ನೀನು ಫೋನ್ ಮಾಡಿದಾಗ ಯಶು ಬರಲಿಲ್ಲ. ಮಲಗಿದ್ದಾಳೆ ಎಂದೆವು. ಆಮೇಲೂ ಎರಡು ಮೂರು ಸಲ ಹಾಗೆಯೇ ಏನೋ ಒಂದು ಹೇಳಿದೆವು. ಅದು ಸುಳ್ಳು. ಭವ್ಯಶ್ರೀ ಇದನ್ನು ಹೇಳುವುದು ಬೇಡ, ದೂರ ಇದ್ದಾರೆ, ಮನಸ್ಸು ಕೆಡಿಸಿಕೊಳ್ಳುತ್ತಾರೆ ಎಂದಿದ್ದಳು. ನಿನ್ನೆ ನಾನು ಬರೆಯುತ್ತೇನೆ ಎಂದೆ, ಬರೆಯಿರಿ ಎಂದಳು. ಆದದ್ದು ಇಷ್ಟು. ದೀಪಾವಳಿ ಪರ್ಬದ ದಿನ ನಾವು ಎಂದಿನ ಹಾಗೆ ಗತಿಸಿದ ಹಿರಿಯರಿಗೆ ಬಡಿಸಿದೆವು. ಊರಿನ ಮನೆ ಅಲ್ಲದಿದ್ದರೇನು, ಒಳಕೋಣೆಯಲ್ಲಿ ದೀಪ ಇಟ್ಟು, ರೂವಿಯಿಂದ ತಂದ ಬಾಳೆಲೆ ಹಾಕಿ, ನಿನ್ನ ಅಮ್ಮನಿಗೆ ಇಷ್ಟ ಎಂದು ಬಂಗುಡೆ ಪುಳಿಮುಂಚಿ, ಕೋಳಿ, ನೀರುದೋಸೆ ಎಲ್ಲ ಬಡಿಸಿ, ಬಾ ಅಕ್ಕ, ಉಣ್ಣು ಎಂದು ಕರೆದು, ಬಾಗಿಲು ಎಳೆದು ಹೊರಗೆ ನಿಂತೆವು. ಅವಳು ನಿನ್ನನ್ನು ನನ್ನ ಕೈಗೆ ಕೊಟ್ಟು ಹೋದವಳು, ವರ್ಷಕ್ಕೊಂದು ಎಲೆ ಇಡದಿದ್ದರೆ ನಾನು ಎಂಥ ತಮ್ಮ? ಮಗು ಎಲ್ಲವನ್ನೂ ನೋಡುತ್ತಿತ್ತು. ಯಾರಿಗೆ ಎಂದು ಕೇಳಿತು. “ನಿನ್ನ ಪಪ್ಪನ ಅಮ್ಮನಿಗೆ. ಕರೆದು ಬಡಿಸಿ ಬಾಗಿಲು ಹಾಕಿದರೆ ಬಂದು ಊಟ ಮಾಡಿ ಹೋಗುತ್ತಾರೆ” ಎಂದಳು ನಿನ್ನ ಮಾಮಿ. ಮಕ್ಕಳಿಗೆ ಹಾಗಲ್ಲದೆ ಹೇಗೆ ಹೇಳುವುದು?

ಮರುದಿನ ಸಂಜೆ ನಾನು ಅಂಗಡಿಯಿಂದ ಬಂದೆ. ಒಳಕೋಣೆಯ ಬಾಗಿಲು ಹಾಕಿದೆ, ಅದರ ಮುಂದೆ ಯಶು ಕೈ ಜೋಡಿಸಿ ನಿಂತಿದ್ದಾಳೆ. ನನ್ನ ಮಾತ್ರೆ ಒಳಗೆ ಇತ್ತು. ನಾನು ಬಾಗಿಲಿಗೆ ಕೈ ಹಾಕಿದರೆ “ಅಜ್ಜ, ಡೋಂಟ್ ಓಪನ್, ಪಪ್ಪ ಈಸ್ ಈಟಿಂಗ್” ಎಂದಳು. ತೆಗೆದು ನೋಡಿದೆ. ನೆಲದ ಮೇಲೆ ಮಿಕ್ಕಿದ್ದ ಎಲೆಯ ತುಂಡು, ಅದರಲ್ಲಿ ಅರ್ಧ ಚಪಾತಿ, ಟೊಮೆಟೊ ಸಾಸು, ಚಿಪ್ಸು, ಪಕ್ಕದಲ್ಲಿ ಅವಳ ನೀರಿನ ಬಾಟಲಿ. ಹರ್ಷಿತ, ಬದುಕಿದ್ದವನಿಗೆ ಎಲೆ ಇಡುವುದು! ಅದೂ ನೀನು ಅಂಥ ಜಾಗದಲ್ಲಿ ಇರುವಾಗ! ನಾನು ಏನು ಕೂಗಿದೆ ಎಂದು ನನಗೇ ಗೊತ್ತಿಲ್ಲ, ಎಲೆಯನ್ನು ಎಳೆದು ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಿದೆ. ನಿನ್ನ ಮಾಮಿ ಓಡಿ ಬಂದು “ಹೋಯ್, ನಿಮ್ಮ ಬಾಯಿಗಿಷ್ಟು ಮಣ್ಣು ಹಾಕ” ಎಂದು ನನಗೆ ಕೂಗಿದಳು. ಮಗು ಅಳಲೂ ಇಲ್ಲ, ನಿಂತಲ್ಲೇ ನಿಂತಿತು. ಆಮೇಲೆ ಸಮಾಧಾನ ಮಾಡಲಿಕ್ಕೆ ಹೋಗಿ ನಾನೇ ಇನ್ನೂ ಕೆಡಿಸಿದೆ. ಹಾಗೆ ಎಲೆ ಇಡುವುದು ಸತ್ತವರಿಗೆ, ಬದುಕಿದ್ದವರಿಗೆ ಇಡಬಾರದು ಪುಟ್ಟ ಎಂದೆ. ನಿಜವನ್ನೇ ಹೇಳಿದೆ, ಆದರೆ ಐದು ವರ್ಷದ ಮಗು ಅದನ್ನು ಎಲ್ಲಿಗೆ ತೆಗೆದುಕೊಂಡು ಹೋಯಿತು ನೋಡು. ತಾನು ಎಲೆ ಇಟ್ಟಿದ್ದರಿಂದ ಪಪ್ಪನಿಗೆ ಏನೋ ಆಯಿತು ಎಂದು ತಿಳಿಯಿತು. ಆ ದಿನ ನಿನ್ನ ಫೋನು ಬಂದಾಗ ಮೇಜಿನ ಅಡಿಗೆ ಹೋಗಿ ಕೂತಿತು. ನಿನ್ನ ಸ್ವರ ಕೇಳಿದರೂ ನಂಬಲಿಲ್ಲ. ಫೋನಿನಲ್ಲಿ ಕಾಣುವ ಪಪ್ಪ ಹಳೆಯ ವೀಡಿಯೊ ಎನ್ನುತ್ತದಂತೆ ತಾಯಿಯ ಹತ್ತಿರ. ಈಗ ಪರವಾಗಿಲ್ಲ, ನಗುತ್ತದೆ, ತಿನ್ನುತ್ತದೆ, ನನ್ನ ಜೊತೆಯೂ ಬರುತ್ತದೆ. ನನ್ನ ಮೇಲೆ ಕೋಪ ಇಟ್ಟುಕೊಂಡಿಲ್ಲ, ಅದು ಅದರ ದೊಡ್ಡತನ. ನಿನ್ನ ಫೋನಿಗೆ ಮಾತ್ರ ಬರುವುದಿಲ್ಲ.

ಇಂಥ ಹೊತ್ತಿನಲ್ಲಿ ಕಳೆದ ವಾರ ನೀನು ಫೋನ್ ಮಾಡಿ, ನಿನ್ನ ಆಫೀಸರು ಇನ್ನೂ ಆರು ತಿಂಗಳು ನಿಲ್ಲುತ್ತೀಯಾ ಎಂದು ಕೇಳಿದ್ದಾರೆ, ಬರುವ ತಂಡಕ್ಕೆ ಜನ ಕಡಿಮೆ, ಎರಡೂ ಕಡೆಯವರಿಗೆ ನಿನ್ನ ಗುರುತು ಆಗಿದೆ, ನಿನ್ನಷ್ಟು ಉಪಯೋಗದವರು ಇನ್ನೊಬ್ಬರಿಲ್ಲ ಎಂದರು ಎಂದು ಹೇಳಿದೆ. ಹೇಳುವಾಗ ನಿನ್ನ ಸ್ವರ ಉಬ್ಬಿತ್ತು. ನಾನು ಯಾಕೆ ಕೂಗಿದೆ ಎಂದು ಈಗ ಗೊತ್ತಾಗಿರಬೇಕು. ಭವ್ಯಶ್ರೀ ಏನು ಹೇಳಿದಳು? “ನಿಮಗೆ ಸರಿ ಕಂಡದ್ದು ಮಾಡಿ” ಎಂದಳು. ಫೋನು ಇಟ್ಟ ಮೇಲೆ ಅವಳು ಒಗೆದು ಒಣಗಿಸಿ ಮಡಚಿ ಇಟ್ಟಿದ್ದ ಬಟ್ಟೆಯನ್ನೇ ಮತ್ತೆ ನೀರಿಗೆ ಹಾಕಿ ಒಗೆದಳು. ನಾನು ನೋಡಿದ್ದೇನೆ. ಅವಳು ನಿನಗೆ ಬಾ ಎನ್ನುವುದಿಲ್ಲ. ನಿನ್ನ ಮಾಮಿಯೂ ನೇರ ಹೇಳುವವಳಲ್ಲ. ನೇರ ಹೇಳಲಿಕ್ಕೆ ಈ ಮನೆಯಲ್ಲಿ ನಾನೊಬ್ಬನೇ ಇರುವುದು.

ನೀನು ಬರುವ ಮೊದಲಿನ ಮಾತು, ರುಸ್ತಾಕಿನಲ್ಲಿ ನಾನು ಹೊಸದಾಗಿ ಅಂಗಡಿ ಇಟ್ಟ ಕಾಲ. ಪೇಟೆಯಿಂದ ಆಚೆ ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ ಫಲಜ್ ನೀರಿಗೆ ಎರಡು ಮನೆತನದವರಿಗೆ ಜಗಳ. ಫಲಜ್ ನಿನಗೆ ಗೊತ್ತಲ್ಲ, ಬೆಟ್ಟದಿಂದ ಬರುವ ಕಾಲುವೆ, ಇಷ್ಟು ಹೊತ್ತು ಇವನ ತೋಟಕ್ಕೆ, ಇಷ್ಟು ಹೊತ್ತು ಅವನ ತೋಟಕ್ಕೆ ಎಂದು ಪಾಲು. ಕಲ್ಲು ಇಟ್ಟು, ಹಳೆ ಬಟ್ಟೆ ತುರುಕಿ ನೀರು ತಿರುಗಿಸುವುದು. ಹೊತ್ತಿಗೆ ಮೊದಲೇ ಕಲ್ಲು ಎತ್ತಿದಿರಿ ಎಂದು ಇವರು, ಇಲ್ಲ ಎಂದು ಅವರು, ದೊಣ್ಣೆ ತೆಗೆದು ಒಬ್ಬನ ಕೈ ಮುರಿಯಿತು. ಆಗ ಹಳ್ಳಿಯ ಹಿರಿಯರು ರುಸ್ತಾಕ್ ಪೇಟೆಯಿಂದ ಖಲ್ಫಾನ್ ಎಂಬವನನ್ನು ಕರೆತಂದು ಆ ಕಲ್ಲಿನ ಹತ್ತಿರ ಕೂರಿಸಿದರು. ಪೊಲೀಸನಲ್ಲ, ಪೈಲ್ವಾನನಲ್ಲ. ಹಲ್ವಾ ಕಾಯಿಸುವವನು. ಆ ಹಳ್ಳಿಯಲ್ಲಿ ಅವನಿಗೆ ಜಾಗ ಇಲ್ಲ, ಎರಡು ಮನೆತನಕ್ಕೂ ಹೆಣ್ಣು ಕೊಟ್ಟದ್ದೂ ಇಲ್ಲ ತಂದದ್ದೂ ಇಲ್ಲ. ಅಂಗಡಿಗೆ ಬೀಗ ಹಾಕಿ ಬಂದು, ಒಂದು ಚಾಪೆ, ಒಂದು ಫ್ಲಾಸ್ಕು ಕಾಫಿ ಇಟ್ಟುಕೊಂಡು ಖರ್ಜೂರದ ಹಣ್ಣು ಇಳಿಸುವ ತನಕ ಅಲ್ಲಿ ಕೂತ. ನಾನು ಅಲ್ಲಿಗೆ ಒಂದು ಪಂಪು ಕೂರಿಸಲಿಕ್ಕೆ ಹೋಗಿ ಬಂದು ಮಾಡುತ್ತಿದ್ದೆ. ನನ್ನ ಮುರುಕು ಅರಬಿಯಲ್ಲಿ ಕೇಳಿದೆ, ದೊಣ್ಣೆ ಹಿಡಿದು ಬಂದರೆ ನೀನೇನು ಮಾಡುತ್ತೀ ಎಂದು. “ಏನು ಮಾಡಲಿ? ಸಂಜೆ ಎಲ್ಲರ ಎದುರು, ನಾನು ನೋಡಿದೆ ಎಂದು ಹೇಳುತ್ತೇನೆ, ಅಷ್ಟೇ” ಎಂದ. ಒಬ್ಬನೂ ದೊಣ್ಣೆ ತರಲಿಲ್ಲ. ಹೊತ್ತಾದಾಗ ಕಲ್ಲು ಎತ್ತುತ್ತಿದ್ದರು, ಹೊತ್ತಾದಾಗ ಇಡುತ್ತಿದ್ದರು.

ಹಣ್ಣು ಇಳಿಸಿದ ಮೇಲೆ ಅವನು ಚಾಪೆ ಸುತ್ತಿದ. ಎರಡೂ ಮನೆತನದವರು ಬಂದು ಹೋಗಬೇಡ ಎಂದು ಕೈ ಹಿಡಿದರು. ನೀನಿದ್ದರೆ ನಮಗೆ ನಿದ್ದೆ ಬರುತ್ತದೆ, ನಿನಗೂ ನೀರಿನಲ್ಲಿ ಒಂದು ಪಾಲು ಕೊಡುತ್ತೇವೆ, ನಾಲ್ಕು ಮರ ಕೊಡುತ್ತೇವೆ, ಇಲ್ಲೇ ಇರು ಎಂದರು. ನಾನೂ ಅಲ್ಲೇ ನಿಂತಿದ್ದೆ, ನನಗೂ ಅದು ಸರಿ ಎಂದೇ ಕಂಡಿತು. “ಖಲಾಸ್” ಎಂದ ಖಲ್ಫಾನ್. “ನಾನು ಒಂದು ಪಾಲು ತೆಗೆದುಕೊಂಡರೆ, ನಾಳೆಯಿಂದ ನನ್ನನ್ನು ನೋಡಿಕೊಳ್ಳಲಿಕ್ಕೆ ನೀವು ಇನ್ನೊಬ್ಬನನ್ನು ಕೂರಿಸಬೇಕು” ಎಂದು ಹೇಳಿ ಚಾಪೆ ಬಗಲಿಗೆ ಇಟ್ಟುಕೊಂಡು ನಡೆದ. ಜಗಳ ಆಮೇಲೆ ನಿಂತಿತಾ ಎಂದರೆ ಇಲ್ಲ. ಮರುವರ್ಷ ಬೇರೆ ಊರಿನ ಆಡು ವ್ಯಾಪಾರಿಯೊಬ್ಬನನ್ನು ತಂದು ಕೂರಿಸಿದರು. ಅದರ ಮರುವರ್ಷ ಇನ್ನೊಬ್ಬನನ್ನು. ಒಬ್ಬನೂ ಎರಡನೇ ಸಲ ಕೂರಲಿಲ್ಲ. ಆದರೆ ಇನ್ನೊಂದು ಕೈ ಮುರಿಯಲಿಲ್ಲ, ನೀರು ಇವತ್ತಿಗೂ ಹರಿಯುತ್ತಿದೆ. ಇನ್ನೊಂದು ಸಂಗತಿ. ಖಲ್ಫಾನ್ ತಿರುಗಿ ಬಂದು ಅಂಗಡಿ ತೆರೆದ ದಿನ ಅವನ ಕೈಗೆ ಹದ ಮರೆತುಹೋಗಿತ್ತು. ಮೊದಲ ಪಾತ್ರೆಯ ಹಲ್ವಾ ತಳ ಹತ್ತಿ ಕಹಿ. ಪೇಟೆಯವರೆಲ್ಲ ಹೋಗಿ ತಿಂದೆವು, ಚೆನ್ನಾಗಿದೆ ಎಂದೆವು, ಮನೆಗೂ ಕಟ್ಟಿಸಿಕೊಂಡು ಬಂದೆವು. ನಿನ್ನ ಮಾಮಿ ಇದೇನು ಮಸಿಯಾ ಎಂದು ಕೇಳಿದಳು. ತಿನ್ನು, ಮಾತಾಡಬೇಡ ಎಂದೆ. ಅವನು ಕೂತದ್ದರ ಖರ್ಚು ಅದು, ಪೇಟೆ ತಿಂದು ತೀರಿಸಿತು.

ನಿನಗೆ ಅರ್ಥವಾಗದಿದ್ದರೆ ಬಿಡಿಸಿ ಹೇಳುತ್ತೇನೆ. ನಿನ್ನಂಥ ಅರೆಹೊತ್ತಿನ ಸೈನಿಕನಿಂದ ಏನು ಉಪಯೋಗ ಎಂದು ಮೇ ತಿಂಗಳಲ್ಲಿ ಕೇಳಿದ್ದೆನಲ್ಲ, ಈಗ ನಾನೇ ಉತ್ತರ ಹೇಳುತ್ತೇನೆ. ನಿನಗೆ ಬೇರೆ ಕಡೆ ಒಂದು ಪಂಪು ಇದೆ, ತೆರೆಯಬೇಕಾದ ಒಂದು ಬಾಗಿಲು ಇದೆ, ನಿನಗೆ ಆ ನೆಲದ ಆಸೆ ಇಲ್ಲ, ಹೊತ್ತಾದರೆ ಎದ್ದು ಹೋಗುವವ ಎಂದು ಇಬ್ಬರಿಗೂ ಗೊತ್ತಿದೆ. ಆದ್ದರಿಂದ ನಿನ್ನ ಮಾತು ನಡೆಯಿತು. ಅಲ್ಲಿ ನಿನ್ನ ಗುರುತು ಆಗಿದೆ, ನೀನಿಲ್ಲದೆ ಆಗುವುದಿಲ್ಲ ಎನ್ನುವ ಮಾತು ಬಂದ ದಿನವೇ ಚಾಪೆ ಸುತ್ತುವ ದಿನ. ಒಂದು ಕಡೆಯವನ ದಾಳಿಂಬೆ ತಿಂದಾಯಿತು. ಚಿಕ್ಕ ಸಂಗತಿ, ನಾನು ಒಪ್ಪುತ್ತೇನೆ. ಆಚೆ ಗೋಪುರದಲ್ಲಿ ದುರ್ಬೀನು ಹಿಡಿದು ಕೂತವನು ಅದನ್ನು ಚಿಕ್ಕದು ಎಂದುಕೊಂಡಿದ್ದಾನಾ ಎಂದು ನಿನಗೆ ಗೊತ್ತಾ? ನಿನ್ನ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಬ್ರೆಡ್ಡು ಸುಡುವವನೋ, ಶಾಲೆಯ ಮಾಸ್ತರನೋ, ಬಸ್ಸು ಓಡಿಸುವವನೋ. ಅವನಿಗೂ ಏನೋ ಒಂದು ಸದ್ದು ಕೇಳುತ್ತದೆ.

ಒಂದು ವಿಷಯ ತಪ್ಪಾಗಿ ತಿಳಿಯಬೇಡ. ಇವರಿಬ್ಬರ ಭಾರ ಸಾಕಾಗಿ ಬರೆಯುತ್ತಿದ್ದೇನೆ ಎಂದುಕೊಂಡರೆ ಕೆನ್ನೆಗೆ ಎರಡು ಕೊಡುತ್ತೇನೆ. ನೀನು ಸಹಿ ಹಾಕಿದರೆ ಅವರು ಬೇಸಿಗೆಯ ತನಕ ಇಲ್ಲೇ ಇರುತ್ತಾರೆ. ನನಗೆ ಅದಕ್ಕಿಂತ ದೊಡ್ಡ ಲಾಭ ಬೇರೇನಿದೆ? ರಸ್ತೆಯುದ್ದಕ್ಕೂ ನ್ಯಾಷನಲ್ ಡೇ ದೀಪ ಕಟ್ಟುತ್ತಿದ್ದಾರೆ, ನಿನ್ನ ಮಗಳಿಗೆ ಅದನ್ನು ತೋರಿಸಲಿಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಅವರು ಹೋದ ಮೇಲೆ ನಾನು ನಿನ್ನ ಮಾಮಿಯ ಮುಖ ನೋಡಿಕೊಂಡು ಇರಬೇಕು, ಅವಳು ನನ್ನ ಮುಖ ನೋಡಿಕೊಂಡು ಇರಬೇಕು. ಅದು ನಮ್ಮ ಖರ್ಚು, ನಾವು ತೀರಿಸುತ್ತೇವೆ. ಕಷ್ಟದ ಹೊತ್ತಿನಲ್ಲಿ ಹೆಂಡತಿ ಮಗುವನ್ನು ಎಲ್ಲಿ ಬಿಡುವುದು ಎಂದು ಯೋಚಿಸಿದಾಗ ನಿನಗೆ ಮಾವನ ಮನೆ ನೆನಪಾಯಿತಲ್ಲ, ಕೊಗ್ಗನ ಮನೆ ಒಂದು ಮನೆ ಎಂದು ಅನಿಸಿತಲ್ಲ, ಅದು ನನಗೆ ಸಾಕು. ನಾನು ಸಾಯುವ ತನಕ ಅದನ್ನು ಮರೆಯುವುದಿಲ್ಲ. ಕಣ್ಣಿನ ಹತ್ತಿರ ಏನೋ ಬಿತ್ತು, ಈ ಸಾಲು ಸೊಟ್ಟ ಬಂದಿದೆ, ಹಾಗೆಯೇ ಓದಿಕೋ.

ನಿನ್ನ ಮಾಮಿ ಚಹಾ ತಂದು ಇಟ್ಟಳು, ಅಂದರೆ ಸಾಕು ನಿಲ್ಲಿಸಿ ಎಂದು ಅರ್ಥ. ಅವಳ ಆಶೀರ್ವಾದ ಇದೆ. ರೋಸಲಿಂಡ್ ಬಾಯಿ ಕೇಳಿದ್ದಾರೆ. ಫ್ರೆಡ್ಡಿ ಸಲಾಂ ಹೇಳಿದ್ದಾನೆ, ಸೈಕಲಿಗೂ ಹೇಳಿದ್ದಾನೆ. ಊರಿನ ದೈವಗಳು ನಿನ್ನ ತಲೆಯನ್ನು ಆ ನೀಲಿ ಟೊಪ್ಪಿಯ ಸಮೇತ ಕಾಯಲಿ. ಕಾಲಿಗೆ ಎಣ್ಣೆ ಹಚ್ಚು.

ಇತಿ ನಿನ್ನ ಮಾವ,
ಕೊಗ್ಗ

ತಾ.ಕ.: ಮೇಲಿನ ಕಾಗದವನ್ನು ಭವ್ಯಶ್ರೀ ಫೋಟೋ ತೆಗೆದು ನಿನಗೆ ಕಳಿಸಿದ್ದಾಳೆ. ಇದು ಶನಿವಾರ, ಅಂಗಡಿಯಲ್ಲಿ ಕೂತು ಬರೆಯುತ್ತಿರುವುದು, ಇದನ್ನು ಅವಳು ನೋಡಿಲ್ಲ, ನೋಡುವುದೂ ಬೇಡ. ಫ್ರೆಡ್ಡಿಯ ಫೋನಿನಿಂದ ಕಳಿಸುತ್ತೇನೆ. ನಿನ್ನೆ ಸಂಜೆ ದೇವಸ್ಥಾನಕ್ಕೆ ಯಶುವನ್ನು ಕರೆದುಕೊಂಡು ಹೋಗಿದ್ದೆ. ಪಿಕಪ್ ನಿಲ್ಲಿಸುತ್ತಿದ್ದಾಗ ಕೇಳಿದಳು. ಇಂಗ್ಲಿಷಿನಲ್ಲಿ ಅಲ್ಲ, ನಾನು ಕಲಿಸಿದ ತುಳುವಿನಲ್ಲೇ ಕೇಳಿದಳು. ಅಜ್ಜ, ಪಪ್ಪ ಎಷ್ಟು ದಿನ ಬಾರದಿದ್ದರೆ ಆಮೇಲೆ ಎಲೆ ಇಡಬಹುದು, ಅಂತ. ಅಳುತ್ತಾ ಅಲ್ಲ, ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ ಎಂದು ಕೇಳಿದ ಹಾಗೆ. ಪಪ್ಪನನ್ನೇ ಕೇಳಿ ಹೇಳುತ್ತೇನೆ ಎಂದೆ, ಸರಿ ಎಂದಳು. ಇಪ್ಪತ್ತೊಂದನೇ ತಾರೀಕು, ಬರುವ ಶುಕ್ರವಾರ, ದೀಪ ನೋಡಲಿಕ್ಕೆ ಹೋಗುವಾಗ ಅವಳು ಮತ್ತೆ ಕೇಳುತ್ತಾಳೆ, ಅದರ ಒಳಗೆ ಉತ್ತರ ಬರಬೇಕು.